ಸತ್ತ ಅಣುವಿಗೊಂದು ಕೇಕ್

ರೋಣದ ಬಸ್ ನಿಲ್ದಾಣ

ಹಾಲೆಂಡಿಗೆ ಹೊರಟ ದಿನ ನನಗೆ ಮೊದಲು ಸಿಟ್ಟು ಬಂದದ್ದು ನನ್ನದೇ ಮುಖ ನೋಡಿ. ಬಸ್ ನಿಲ್ದಾಣದ ಎದುರು ರಸ್ತೆಯ ಎರಡೂ ಬದಿಯ ಕಂಬಗಳ ನಡುವೆ ನಾನು ತೂಗಾಡುತ್ತಿದ್ದೆ. ಯಾರದೋ ಮದುವೆಯಲ್ಲಿ ತೆಗೆದ ಫೋಟೊ, ತಲೆಯ ಮೇಲೆ ಅಕ್ಕಿಕಾಳು ಹಾಗೇ ಇತ್ತು. ಕೆಳಗೆ ಕೆಂಪಕ್ಷರದಲ್ಲಿ 'ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದ ನಮ್ಮ ಕಾಲೇಜಿನ ಹೆಮ್ಮೆಯ ಪ್ರಾಧ್ಯಾಪಕಿ ಗಿರಿಜಾ ಮೇಡಂ ಅವರ ವಿದೇಶ ಪ್ರವಾಸಕ್ಕೆ ಶುಭಾಶಯಗಳು' ಎಂದು ಬರೆದಿತ್ತು. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ 'ಪ್ರವೇಶ ಆರಂಭವಾಗಿದೆ'.

ನಾನು ಯಾವ ಮದ್ದನ್ನೂ ಕಂಡುಹಿಡಿದಿರಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ರಜೆಯಲ್ಲಿ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಗೆಳತಿಯರ ಜೊತೆ ಸಂಶೋಧನೆ ಮಾಡುತ್ತೇನೆ. ನಮ್ಮ ಮೈಯ ಜೀವಕೋಶಗಳಲ್ಲಿ ಒಂದು ಕಾವಲಿನ ಪ್ರೋಟೀನು ಇದೆ. ಕೋಶ ಕೆಟ್ಟರೆ ಅದು ಬೆಳೆಯದಂತೆ ತಡೆಯುವುದು ಈ ಪ್ರೋಟೀನಿನ ಕೆಲಸ. ಕೆಲವು ಕ್ಯಾನ್ಸರ್‌ಗಳಲ್ಲಿ ಇನ್ನೊಂದು ಪ್ರೋಟೀನು ವಿಪರೀತ ಹೆಚ್ಚಿ, ಈ ಕಾವಲುಗಾರನನ್ನು ಅಪ್ಪಿ ಹಿಡಿದು ಸುಮ್ಮನೆ ಕೂರಿಸಿಬಿಡುತ್ತದೆ. ಆ ಅಪ್ಪುಗೆಯನ್ನು ಬಿಡಿಸುವ ಸಣ್ಣ ಅಣುವೊಂದನ್ನು ಕಟ್ಟುವುದು ನಮ್ಮ ಉದ್ದೇಶ. ಇದು ಸುಲಭವಲ್ಲ. ಎರಡು ಪ್ರೋಟೀನು ಕೂಡುವ ಜಾಗ ಒಂದಕ್ಕೊಂದು ಅಂಟಿದ ರೊಟ್ಟಿಗಳ ಹಾಗೆ ಚಪ್ಪಟೆ, ಬೆರಳು ತೂರಿಸಲು ಸಂದಿಯೇ ಇರುವುದಿಲ್ಲ. ಹುಡುಕಿದರೆ ಎಲ್ಲೋ ಒಂದು ಸಣ್ಣ ತಗ್ಗು ಸಿಗುತ್ತದೆ. ಆ ತಗ್ಗಿನಲ್ಲಿ ಕೂರುವಂಥ ಅಣುವನ್ನು ಕಂಪ್ಯೂಟರಿನಲ್ಲಿ ಚಿತ್ರಿಸಿ, ಸೀಸೆಯಲ್ಲಿ ಕಟ್ಟಿ, ತಟ್ಟೆಯಲ್ಲಿ ಪರೀಕ್ಷಿಸಿದಾಗ ಅಪ್ಪುಗೆ ಬಿಟ್ಟಿತ್ತು. ಆಗಿದ್ದು ಅಷ್ಟೇ. ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ಹೋಗಲು ವರ್ಷಗಟ್ಟಲೆ ಹಿಡಿಯುತ್ತದೆ, ಬಹುಪಾಲು ಅಣುಗಳು ದಾರಿಯಲ್ಲೇ ಸಾಯುತ್ತವೆ. ಇದನ್ನು ಪ್ರಿನ್ಸಿಪಾಲರಿಗೆ ಕರಿಹಲಗೆಯ ಮೇಲೆ ಬರೆದು ಹೇಳಿದ್ದೆ. ಅವರು ತಲೆಯಾಡಿಸಿ, ಹೋಗಿ ಬ್ಯಾನರ್ ಬರೆಸಿದ್ದರು.

ರಜಿಯಾ ಆಪಾ ನನ್ನನ್ನು ಬಸ್ ಹತ್ತಿಸಲು ಬಂದಿದ್ದಳು. ಪಕ್ಕದ ಮನೆಯವಳು, ನನಗಿಂತ ಹಿರಿಯಳು, ಅದಕ್ಕೇ ಆಪಾ, ಅಂದರೆ ಅಕ್ಕ. ನನ್ನ ಮದುವೆ ಸೀರೆಯ ಜಂಪರಿನಿಂದ ಹಿಡಿದು ಇಂದಿನವರೆಗಿನ ಎಲ್ಲ ಜಂಪರು ಅವಳ ಹೊಲಿಗೆಯೇ. ಈಚೆಗೆ ಅವಳ ಎದೆಯಲ್ಲಿ ಗಂಟು ಕಂಡಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕ್ಯಾನ್ಸರ್ ಎಂದು ಖಾತ್ರಿಯಾಗಿತ್ತು. ಇನ್ನೂ ಚಿಕ್ಕದಿದೆ, ತಡಮಾಡದೆ ಆಪರೇಶನ್ ಮಾಡಿದರೆ ಗುಣವಾಗುವ ಭರವಸೆ ಇದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

“ಫೋಟೋದಾಗ ಜಂಪರ ಚಲೋ ಕಾಣತೈತಿ,” ಎಂದಳು ಆಪಾ, ಬ್ಯಾನರ್ ನೋಡುತ್ತ. “ಮಾರಿ ಯಾಕ ಹಂಗ ಮಾಡಿ, ಜ್ವರ ಬಂದಾಕಿ ಹಂಗ?”

“ಅದರಾಗ ಬರದದ್ದು ಖರೇ ಅಲ್ಲ ಆಪಾ.”

“ಅಷ್ಟ ದೊಡ್ಡ ಕಾಲೇಜಿನವರು ಸುಳ್ಳ ಬರಸ್ತಾರೇನು,” ಎಂದು ನನ್ನ ಸೆರಗು ಸರಿಮಾಡಿದಳು. ಕಂಡಕ್ಟರ್ ಸೀಟಿ ಊದಿದ. ಮುಂದೆ ಮಾತಾಡಲು ಪುರುಸೊತ್ತಾಗಲಿಲ್ಲ.

ಕಸ್ಟಮ್ಸ್ ಕಟ್ಟೆ

ನನ್ನ ಚೀಲದಲ್ಲಿ ಎರಡು ಬಗೆಯ ಪುಡಿ ಇತ್ತು. ಒಂದು ನಮ್ಮ ಅಣು, ಬಿಳಿ ಪುಡಿ, ಸಣ್ಣ ಸೀಸೆಗಳಲ್ಲಿ. ಇನ್ನೊಂದು ಗುರೆಳ್ಳು ಚಟ್ನಿ, ಕರಿ ಪುಡಿ, ಸ್ಟೀಲ್ ಡಬ್ಬಿಯಲ್ಲಿ. ಹಾಲೆಂಡಿನ ವಿಮಾನ ನಿಲ್ದಾಣದ ಅಧಿಕಾರಿ ಸೀಸೆಗಳ ಕಾಗದ ನೋಡಿ, ಸರಿ ಎಂದು ಪಕ್ಕಕ್ಕಿಟ್ಟ. ಡಬ್ಬಿ ತೆರೆದವನು ಮಾತ್ರ ಮುಖ ಗಂಟಿಕ್ಕಿದ.

“ಇದೇನು?”

“ಊಟ.”

“ಇಷ್ಟು ಕಪ್ಪು?”

ಮೂಸಿ ನೋಡಿ ಸೀನಿದ. ಇನ್ನೊಬ್ಬನನ್ನು ಕರೆದ, ಅವನೂ ಸೀನಿದ. ಡಬ್ಬಿ ಯಂತ್ರದೊಳಗೆ ಹೋಗಿ ಬಂತು. ಕಡಕ್ ರೊಟ್ಟಿಯ ಕಟ್ಟನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ನನ್ನ ಹಿಂದಿನ ಸಾಲು ಬೆಳೆಯಿತು, ಎಲ್ಲರೂ ನನ್ನನ್ನೇ ನೋಡತೊಡಗಿದರು. ನಾನು ಗಜೇಂದ್ರಗಡದ ಸೀರೆ ಉಟ್ಟು, ಅಪರಾಧಿಯ ಹಾಗೆ ನಿಂತಿದ್ದೆ. ನಮ್ಮಜ್ಜಿಯ ಅಜ್ಜಿಯ ಕಾಲದಿಂದ ತಿಂದು ಬಂದ ಪುಡಿಯ ಮೇಲೆ ಇವರಿಗೆ ಗುಮಾನಿ, ಯಾರ ಹೊಟ್ಟೆಗೂ ಹೋಗಿರದ ಬಿಳಿ ಪುಡಿಯ ಮೇಲೆ ಪೂರ್ತಿ ನಂಬಿಕೆ. ಕೊನೆಗೆ ಎರಡನ್ನೂ ವಾಪಸು ಕೊಟ್ಟರು. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲವಾದ್ದರಿಂದ ನನ್ನ ಸ್ವೆಟರೆಲ್ಲ ಗುರೆಳ್ಳುಮಯವಾಯಿತು.

ಸಮುದ್ರಕ್ಕಿಂತ ಕೆಳಗಿನ ಊರು

ನಾನು ಹೋದ ಊರು ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಒಡ್ಡಿನ ಆಚೆ ನೀರು, ಈಚೆ ಆಕಳು. ನೀರು ಮೇಲೆ, ಆಕಳು ಕೆಳಗೆ. ಆಕಳಿಗೂ ಅದರ ಚಿಂತೆಯಿಲ್ಲ, ಜನಕ್ಕೂ ಇಲ್ಲ. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಮಲಪ್ರಭೆ ಉಕ್ಕಿದಾಗ ನಮ್ಮ ತಾಲೂಕಿನ ಮೆಣಸಗಿಯ ಜನ ಪಾತ್ರೆ ಪಗಡ ಹೊತ್ತು ಎತ್ತರ ಹುಡುಕುತ್ತಾರೆ. ಇವರು ಒಂದಿಡೀ ಸಮುದ್ರವನ್ನು ಹೊರಗೆ ನಿಲ್ಲಿಸಿದ್ದಾರೆ, ನಮಗೆ ಒಂದು ಹೊಳೆಯನ್ನು ಅದರ ಪಾತ್ರದಲ್ಲಿ ಇಡಲಾಗಿಲ್ಲ.

ಉಳಿದಂತೆ ವಿಚಿತ್ರ ಜನ. ಕಿಟಕಿಗೆ ಪರದೆ ಎಳೆಯುವುದಿಲ್ಲ, ಆದರೆ ಒಳಗೆ ಇಣುಕಿದರೆ ತಪ್ಪು. ಸೈಕಲ್ಲಿಗೆ ಬೇರೆ ರಸ್ತೆ. ಅದರ ಮೇಲೆ ನಾನು ಗೊತ್ತಿಲ್ಲದೆ ನಿಂತಾಗ ಒಬ್ಬ ಮುದುಕಿ ಗಂಟೆ ಬಾರಿಸಿ, ಏನೋ ಬೈದು ಹೋದಳು. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ತೆರೆದು, ಒಂದು ತೆಗೆದುಕೊಳ್ಳಿ ಎಂದು ಹೇಳಿ, ಮುಚ್ಚಳ ಹಾಕಿಬಿಡುತ್ತಾರೆ. ಒಂದೆಂದರೆ ಖರೇನೇ ಒಂದೇ. ನಮ್ಮಲ್ಲಿ ಸಾಕು ಸಾಕೆಂದರೂ ತಾಟಿಗೆ ಸುರಿಯುತ್ತಾರೆ, ಅಲ್ಲಿ ಡಬ್ಬಿಯ ಮುಚ್ಚಳದ ಸದ್ದಿಗೇ ನನ್ನ ಮುಖ ಬೀಳುತ್ತಿತ್ತು. ಹುಟ್ಟುಹಬ್ಬವಿದ್ದರೆ ಹುಟ್ಟಿದವರೇ ಕೇಕ್ ತಂದು ಎಲ್ಲರಿಗೂ ಹಂಚಬೇಕು. ಬಂದವರು ಅವರಿಗಷ್ಟೇ ಅಲ್ಲ, ಅವರ ಅವ್ವನಿಗೂ, ಗಂಡನಿಗೂ, ಪಕ್ಕದಲ್ಲಿ ಕುಳಿತವರಿಗೂ ಕೈಕುಲುಕಿ ಅಭಿನಂದನೆ ಹೇಳುತ್ತಾರೆ.

ಪ್ರಯೋಗಾಲಯ

ನಮ್ಮ ಅಣುವನ್ನು ಪರೀಕ್ಷಿಸಲೆಂದು ನನ್ನನ್ನು ಕರೆಸಿದ ಪ್ರಾಧ್ಯಾಪಕ ವಿಲೆಮ್ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಪ್ರಯಾಣ ಹೇಗಿತ್ತು, ಊಟವಾಯಿತೇ ಎಂಬುದು ಯಾವುದೂ ಇಲ್ಲ. ಕುರ್ಚಿ ತೋರಿಸಿ ಹೇಳಿದ, “ನೀವು ಕಳಿಸಿದ ಚಿತ್ರ ನೋಡಿ, ನಿಮ್ಮ ಅಣುವನ್ನು ನೀವು ಬರುವ ಮೊದಲೇ ನಾವು ಇಲ್ಲಿ ನಮ್ಮ ರೀತಿಯಲ್ಲಿ ಕಟ್ಟಿ ನೋಡಿದೆವು. ಅದು ಏನೂ ಮಾಡಲಿಲ್ಲ.”

ನನ್ನ ಸೀಸೆಗಳು ಇನ್ನೂ ಚೀಲದಲ್ಲೇ ಇದ್ದವು. “ನಾನು ತಂದದ್ದನ್ನು ನೋಡದೆ?” ಎಂದೆ.

“ಬೇರೆಯವರ ಅಣುವನ್ನು ನಾವೇ ಕಟ್ಟದೆ ನಂಬುವುದಿಲ್ಲ. ಇಲ್ಲಿಯ ಪದ್ಧತಿ.”

ನನ್ನ ಮೈ ಉರಿದುಹೋಯಿತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಹೊರಗಿನವರು ಕುಡಿದ ಲೋಟವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಯೇ ಒಳಗೆ ತೆಗೆದುಕೊಳ್ಳುತ್ತಾರೆ. ಅದನ್ನು ಕಂಡು ಬೆಳೆದವಳಿಗೆ ಈ ಪದ್ಧತಿಯ ವಾಸನೆ ಬೇಗ ಹತ್ತುತ್ತದೆ. “ನಿಮ್ಮವರು ಕಟ್ಟಿದ್ದನ್ನೂ ಹೀಗೇ ಮಾಡುತ್ತೀರಾ?” ಎಂದು ಕೇಳಿದೆ. ಮಾಡುತ್ತೇವೆ ಎಂದ. ನಾನು ನಂಬಲಿಲ್ಲ.

ಅಂದು ಸಂಜೆ ನರಗುಂದದಲ್ಲಿ ಶಾಲೆಯ ಮಾಸ್ತರನಾಗಿರುವ ನನ್ನ ಗಂಡನಿಗೂ, ಆಮೇಲೆ ಆಪಾಳಿಗೂ ಫೋನು ಹಚ್ಚಿ ಎಲ್ಲ ತೋಡಿಕೊಂಡೆ. ಗಂಡ “ಹೋಗ್ಲಿ ಬಿಡು” ಎಂದ. ಆಪಾ ಹಾಗೆ ಬಿಡುವವಳಲ್ಲ. “ನಮ್ಮ ಕೈಯಾಗಿನ ಕೆಲಸ ಅಂದ್ರ ಅವ್ರಿಗೆ ಕಿಮ್ಮತ್ತ ಇಲ್ಲೇನು? ನೀ ಅವ್ರ ಮುಂದ ಮಾಡಿ ತೋರಿಸಿ ಬಾ,” ಎಂದಳು. ನನಗೂ ಅದೇ ಬೇಕಾಗಿತ್ತು.

ಮರುದಿನ ವಿಲೆಮ್‌ನಿಗೆ ಹೇಳಿದೆ, ಇದೇ ಪ್ರಯೋಗಾಲಯದಲ್ಲಿ, ನಿಮ್ಮದೇ ಸೀಸೆ ನಿಮ್ಮದೇ ರಾಸಾಯನಿಕ ತೆಗೆದುಕೊಂಡು, ನಾನು ನನ್ನ ಕೈಯಾರೆ ಕಟ್ಟುತ್ತೇನೆ ಎಂದು. ಅವನು ಭುಜ ಹಾರಿಸಿ ಒಪ್ಪಿದ. ನನಗೆ ಜಾಗ ತೋರಿಸಿದವಳು ಆನ್ನೆಕೆ, ಅಲ್ಲಿಯ ಸಂಶೋಧಕಿ, ನಸುಗೆಂಪು ಕೂದಲಿನ ಹೆಂಗಸು. ಮಾತು ಕಡಿಮೆ. ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಮತ್ತೆ ಉದುರಿಸಿಕೊಂಡದ್ದರಿಂದ ಅವಳೊಬ್ಬಳ ಮೇಲೆ ನನಗೆ ಸಿಟ್ಟಿರಲಿಲ್ಲ.

ಧಾರವಾಡದಲ್ಲಿ ಮಾಡುತ್ತಿದ್ದ ರೀತಿಯಲ್ಲೇ ಮಾಡಿದೆ. ಕೊನೆಯ ಹಂತದಲ್ಲಿ ಸತುವಿನ ಪುಡಿ ಹಾಕಿ ಕಲಕಬೇಕು, ಆಮೇಲೆ ಸೋಸಿ, ತೊಳೆದು, ಒಣಗಿಸಬೇಕು. ಅದಕ್ಕೆ ಕೆಲವು ದಿನ ಹಿಡಿಯಿತು, ಸಂಜೆಸಂಜೆಗೆ ಆಪಾಳಿಗೆ ಫೋನು ಹಚ್ಚಿ ವಿಲೆಮ್‌ನನ್ನು ಬೈದೆ. ಕೊನೆಗೆ ಬಿಳಿ ಪುಡಿ ಬಂತು. ಆನ್ನೆಕೆ ತಟ್ಟೆ ಸಿದ್ಧ ಮಾಡಿದಳು. ಎರಡು ಪ್ರೋಟೀನು ಅಪ್ಪಿಕೊಂಡಿದ್ದರೆ ಯಂತ್ರದಲ್ಲಿ ಬೆಳಕು ಕಾಣುತ್ತದೆ, ಬಿಟ್ಟರೆ ಕತ್ತಲಾಗುತ್ತದೆ. ಅವರು ಕಟ್ಟಿದ ಅಣು ಹಾಕಿದ ಕಡೆ ಬೆಳಕು ಹಾಗೇ ಉಳಿಯಿತು. ನಾನು ಕಟ್ಟಿದ್ದು ಬಿದ್ದ ಕಡೆ ಕತ್ತಲಾಯಿತು. ಊರಿಂದ ತಂದ ಸೀಸೆಯದ್ದು ಬಿದ್ದ ಕಡೆಯೂ ಕತ್ತಲು. ವಿಲೆಮ್ ಪರದೆಯ ಮುಂದೆ ಬಾಗಿ ಬಹಳ ಹೊತ್ತು ನಿಂತ.

ನನಗೆ ಕುಣಿಯಬೇಕೆನಿಸಿತು. ಹೊರಗೆ ಓಡಿ ಆಪಾಳಿಗೆ ಫೋನು ಹಚ್ಚಿದೆ. “ಮಾಡಿ ತೋರಿಸಿದ್ನಿ ಆಪಾ. ಅವ್ನ ಮಾರಿ ಹುಳ್ಳಗಾತು.”

“ನಂಗ ಗೊತ್ತಿತ್ತು ಬಿಡವಾ,” ಎಂದಳು. ದನಿಯಲ್ಲಿ ಹಿಗ್ಗು ತುಂಬಿತ್ತು. “ಹುಬ್ಬಳ್ಳಿಯವ್ರು ಆಪರೇಶನ್ನಿಗೆ ತಾರೀಖ ಕೊಟ್ಟಿದ್ರು. ನಾ ಬ್ಯಾಡ ಅಂದೆ. ಕೊಯ್ಸ್ಕೊಳ್ಳೋದು ಯಾಕ, ನಿನ್ನ ಗುಳಿಗಿ ಬರ್ತೈತಲ್ಲ.”

ಗುಳಿಗೆ ಇಲ್ಲ ಆಪಾ, ಇದು ಬರೀ ತಟ್ಟೆಯೊಳಗಿನ ಮಾತು, ಮನುಷ್ಯರಿಗೆ ಕೊಡಲು ಬಹಳ ವರ್ಷ ಬೇಕು, ಮೊದಲು ಆಪರೇಶನ್ ಮಾಡಿಸಿಕೋ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ನಕ್ಕಳು. “ನೀ ಮೊದಲಿಂದ ಹಂಗ. ನಿನ್ನ ಕೆಲಸ ನೀನ ಸಣ್ಣದ ಮಾಡಿ ಹೇಳಾಕಿ. ಬ್ಯಾನರಿನ್ಯಾಗ ಬರದಾರ, ಪೇಪರಿನ್ಯಾಗ ಬಂದೈತಿ.”

ಬ್ಯಾನರ್ ಬರೆಸಿದವರ ಮೇಲೆ ಬಂದ ಸಿಟ್ಟಿಗೆ ಅಲ್ಲಿಯ ಚಳಿಯೂ ತಾಗಲಿಲ್ಲ. ಸೀಟು ತುಂಬಲೆಂದು ಬರೆದ ಒಂದು ಸಾಲು ಒಬ್ಬ ಹೆಂಗಸಿನ ಎದೆಯ ಗಂಟನ್ನು ಬೆಳೆಯಲು ಬಿಟ್ಟಿತ್ತು.

ಫ್ರಿಜ್ಜಿನ ಕೆಳಗಿನ ಹಲಗೆ

ಮರುದಿನ ಬೆಳಿಗ್ಗೆ ಆನ್ನೆಕೆ ನನ್ನ ಮೇಜಿನ ಹತ್ತಿರ ಬಂದು ಕುಳಿತಳು. “ಒಂದೇ ಅಣು. ನಿಮ್ಮ ದಾರಿಯಿಂದ ಕಟ್ಟಿದರೆ ಕೆಲಸ ಮಾಡುತ್ತದೆ, ನಮ್ಮ ದಾರಿಯಿಂದ ಕಟ್ಟಿದರೆ ಮಾಡುವುದಿಲ್ಲ. ಅಣು ಒಂದೇ ಆದರೆ ಹೀಗಾಗಬಾರದು,” ಎಂದಳು.

“ನಿಮ್ಮದು ಸರಿಯಾಗಿ ಆಗಿಲ್ಲ.”

“ಇರಬಹುದು. ಅಥವಾ ನಿಮ್ಮದರಲ್ಲಿ ಇನ್ನೇನಾದರೂ ಇರಬಹುದು. ನಿಮ್ಮ ದಾರಿಯಲ್ಲಿ ಸತು ಇದೆ.”

ನಾನು ರೇಗಿದೆ. ನಾವು ಸೋಸುತ್ತೇವೆ, ತೊಳೆಯುತ್ತೇವೆ, ಶುದ್ಧವಾಗಿದೆಯೇ ಎಂದು ಯಂತ್ರದಲ್ಲಿ ನೋಡುತ್ತೇವೆ ಎಂದೆ. ಆ ಯಂತ್ರಕ್ಕೆ ಸತು ಕಾಣುವುದಿಲ್ಲವಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಅದು ನಿಜವಾಗಿತ್ತು. ನಾನೇ ಮಕ್ಕಳಿಗೆ ಪಾಠದಲ್ಲಿ ಹೇಳುವ ಮಾತು ಅದು.

ಲೋಹವನ್ನು ಹಿಡಿದು ಕಟ್ಟಿಹಾಕುವ ಒಂದು ರಾಸಾಯನಿಕವಿದೆ. ಅದನ್ನು ಒಂದು ಹನಿ ತಟ್ಟೆಗೆ ಹಾಕಿ, ನನ್ನ ಅಣುವನ್ನು ಮತ್ತೆ ಪರೀಕ್ಷಿಸಿದೆವು. ಕತ್ತಲಾಗಲಿಲ್ಲ. ಬೆಳಕು ತಣ್ಣಗೆ ಉರಿಯುತ್ತಲೇ ಇತ್ತು. ಆಮೇಲೆ ಅಣುವನ್ನೇ ಬಿಟ್ಟು, ಬರೀ ಸತುವಿನ ಉಪ್ಪನ್ನು ತುಸುವೇ ತುಸು ಹಾಕಿದೆವು. ಕತ್ತಲಾಯಿತು.

ನಾವು ಇಷ್ಟು ವರ್ಷ ತಗ್ಗು ಹುಡುಕಿ, ಚಿತ್ರ ಬರೆದು, ಕಣ್ಣು ಕೆಡಿಸಿಕೊಂಡು ಕಟ್ಟಿದ ಅಣು ಆ ತಗ್ಗಿನ ಹತ್ತಿರವೂ ಹೋಗಿರಲಿಲ್ಲ. ತೊಳೆದ ಮೇಲೂ ಉಳಿದ ಒಂದಿಷ್ಟು ಸತು ಪ್ರೋಟೀನಿಗೆ ಅಂಟಿ ಅದರ ಆಕಾರ ಕೆಡಿಸಿತ್ತು, ಅದಕ್ಕೇ ಅಪ್ಪುಗೆ ಬಿಟ್ಟಿತ್ತು. ಬಕೆಟ್ಟಿಗೆ ತುಕ್ಕು ಹಿಡಿಯದಿರಲೆಂದು ಬಳಿಯುವ ಸತು. ಅದನ್ನು ಗುಳಿಗೆ ಮಾಡಿ ಯಾರಿಗೂ ಕೊಡಲಾಗದು. ನಾನು ಅತ್ತೆ, ಸಿಟ್ಟಿಗೇ ಅತ್ತೆ. ಸತುವಿನ ಮೇಲೆ ಸಿಟ್ಟು, ಆನ್ನೆಕೆಯ ಮೆಲುದನಿಯ ಮೇಲೆ ಸಿಟ್ಟು, ಹೇಳಿದ್ದು ಸರಿಯಾಗಿದ್ದ ವಿಲೆಮ್ ಮೇಲೆ ಎಲ್ಲರಿಗಿಂತ ಹೆಚ್ಚು.

ವಿಲೆಮ್ ಬಂದು ಫ್ರಿಜ್ಜಿನ ಬಾಗಿಲು ತೆಗೆದ. ಕೆಳಗಿನ ಹಲಗೆಯ ತುಂಬ ಧೂಳು ಹಿಡಿದ ಸಣ್ಣ ಸೀಸೆಗಳು. “ಇವೆಲ್ಲ ಸತ್ತವು. ಇದು ಆನ್ನೆಕೆಯದ್ದು, ಇದೂ ಅವಳದ್ದೇ. ಮೂಲೆಯಲ್ಲಿರುವುದು ನನ್ನದು. ಅದನ್ನು ಕೊಂದದ್ದೂ ಸತುವೇ,” ಎಂದ. ಆಮೇಲೆ ನನ್ನ ಸೀಸೆ ಇಸಕೊಂಡು, ಅವನದರ ಪಕ್ಕದಲ್ಲಿಟ್ಟು, ಮೊದಲ ಸಲ ಸಲುಗೆಯಿಂದ ಹೇಳಿದ, “ನಾಳೆ ಕೇಕ್ ನೀವು ತರಬೇಕು.”

ಕೇಕಿನ ಅಂಗಡಿ

ಅಲ್ಲಿಯ ಪದ್ಧತಿ ಇದು. ಯಾರ ಅಣು ಸುಳ್ಳೆಂದು ಗೊತ್ತಾಗುತ್ತದೋ ಅವರು ಎಲ್ಲರಿಗೂ ಕೇಕ್ ಹಂಚಬೇಕು. ಹುಟ್ಟಿದ್ದಕ್ಕೆ ಹೇಗೋ ಸತ್ತದ್ದಕ್ಕೂ ಹಾಗೆ. ನನಗೆ ಅಸಹ್ಯವಾಯಿತು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅಡುಗೆ ಮಾಡಿ ತರುತ್ತಾರೆ. ಇವರು ದುಃಖದಲ್ಲಿರುವವಳನ್ನೇ ಅಂಗಡಿಗೆ ಅಟ್ಟುತ್ತಾರೆ. ಬೈದುಕೊಳ್ಳುತ್ತಲೇ ಹೋಗಿ, ಇದ್ದುದರಲ್ಲಿ ದೊಡ್ಡ ಸೇಬಿನ ಕೇಕನ್ನೇ ತಂದೆ. ಒಂದೊಂದೇ ಬಿಸ್ಕತ್ತು ಕೊಡುವವರಿಗೆ ರೋಣದವಳ ಕೈ ಹೇಗೆಂದು ಗೊತ್ತಾಗಲಿ ಎಂದು ಎಲ್ಲರ ತಾಟಿಗೂ ಎರಡೆರಡು ತುಂಡು ಬಡಿಸಿದೆ.

ಒಬ್ಬೊಬ್ಬರೇ ಬಂದು ಕೈಕುಲುಕಿ ಅಭಿನಂದನೆ ಹೇಳಿದರು. ಆನ್ನೆಕೆಗೂ ಹೇಳಿದರು. ನಾನು ತಡೆಯಲಾಗದೆ ಕೇಳಿದೆ, “ಯಾತಕ್ಕೆ ಅಭಿನಂದನೆ?”

“ಇದು ಯಾರ ಬಾಯಿಗೂ ಹೋಗುವ ಮೊದಲು ಸತ್ತಿತಲ್ಲ, ಅದಕ್ಕೆ,” ಎಂದಳು ಆನ್ನೆಕೆ.

ಆಪಾಳ ನೆನಪಾಗಿ ಕೇಕಿನ ತಾಟು ಕೆಳಗಿಟ್ಟೆ. ಎದ್ದು ಹೊರಗೆ ಹೋಗಿ ಫೋನು ಹಚ್ಚಿದೆ. ಅಣು ಸುಳ್ಳಾಯಿತು ಆಪಾ, ಅದರಲ್ಲಿ ಏನೂ ಇಲ್ಲ, ನಾಳೆಯೇ ಹುಬ್ಬಳ್ಳಿಗೆ ಹೋಗು ಎಂದೆ.

“ಸುಳ್ಳಂತ ಯಾರಂದ್ರು? ಆ ಉದ್ದನ್ನ ಮನಶ್ಯಾ ಅಂದ್ನೇನು? ಅವ್ರಿಗೆ ನಿನ್ನ ಕಂಡ್ರ ಆಗೂದಿಲ್ಲಂತ ನೀನ ದಿನಾ ಹೇಳತಿದ್ದಿ. ಹೊಟ್ಟಿಕಿಚ್ಚಿಗೆ ಅಂತಾರ ಬಿಡು. ನೀ ಬರೂತನಕ ನಾ ಕಾಯ್ತೀನಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಸಂಜೆಸಂಜೆಗೆ ಕಾರಿದ ಸಿಟ್ಟನ್ನೆಲ್ಲ ಅವಳು ಜೋಪಾನವಾಗಿ ಇಟ್ಟುಕೊಂಡು, ಈಗ ನನಗೇ ತಿರುಗಿಸಿ ಕೊಟ್ಟಿದ್ದಳು. ಇನ್ನೂ ನೋಡಬೇಕಾದ ಊರುಗಳಿದ್ದವು, ಹೂವಿನ ತೋಟವೊಂದಕ್ಕೆ ಆನ್ನೆಕೆ ಕರೆದೊಯ್ಯುವವಳಿದ್ದಳು. ಟಿಕೆಟ್ ಬದಲಿಸಿ, ಸಿಕ್ಕ ಮೊದಲ ವಿಮಾನ ಹತ್ತಿದೆ.

ಮತ್ತೆ ರೋಣ

ಬಸ್ಸಿಳಿದರೆ ಬ್ಯಾನರ್ ಅಲ್ಲೇ ಇತ್ತು. ಗಾಳಿಗೆ ಒಂದು ತುದಿ ಮಡಚಿ, ನನ್ನ ಒಂದು ಕಣ್ಣು ಮುಚ್ಚಿತ್ತು. ಚೀಲದ ಸಮೇತ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ದಾರಿಯಲ್ಲಿ ಕೊಂಡ ಧಾರವಾಡ ಪೇಢೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು, “ಏನ್ರಿ ಮೇಡಂ, ಪೇಟೆಂಟ್ ಆತೇನ್ರಿ?” ಎಂದರು.

“ನಮ್ಮ ಅಣು ಸತ್ತತ್ರಿ. ಅದಕ್ಕ ಪೇಢೆ. ಆ ಬ್ಯಾನರ್ ಇವತ್ತ ಇಳಸ್ರಿ.”

ಪೇಢೆ ಅವರ ಬಾಯಲ್ಲೇ ನಿಂತಿತು. “ಅಡ್ಮಿಶನ್ ಮುಗೀಲಿ ತಡೀರಿ ಮೇಡಂ. ಇನ್ನ ಸ್ವಲ್ಪ ದಿನಾ. ಸತ್ತದ್ದು ಯಾರಿಗ್ರಿ ಗೊತ್ತೈತಿ?”

“ಅದನ್ನ ನೋಡಿ ಒಬ್ಬಾಕಿ ಆಪರೇಶನ್ ಬಿಟ್ಟ ಕುಂತಾಳ್ರಿ.”

“ಅದು ಅವ್ರ ಅಡ್ನಾಡಿತನ್ರಿ. ಬ್ಯಾನರ್ ನೋಡಿ ಯಾರರ ದವಾಖಾನಿ ಬಿಡ್ತಾರೇನ್ರಿ?” ಎಂದು ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. ನಾನು ಅದನ್ನು ಎತ್ತಿಕೊಂಡು ಹೊರಬಿದ್ದೆ. ಅವರಿಗೆ ಎರಡನೆಯ ಪೇಢೆ ಸಿಗಬಾರದು ಎನಿಸಿತು.

ಆಪಾ ಮಶೀನಿನ ಮುಂದೆ ಕುಳಿತಿದ್ದಳು. ಮುಖ ಇಳಿದಿತ್ತು, ಕೈ ಮಾತ್ರ ಮೊದಲಿನ ಹಾಗೇ ಓಡುತ್ತಿತ್ತು. ನಾನು ಪ್ರೋಟೀನು, ತಗ್ಗು, ಸತು ಎಂದು ಹೇಳುತ್ತ ಹೋದೆ. ಅವಳು ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಮೇಜಿನ ಮೇಲೆ ಯಾರದೋ ಜಂಪರು ಇತ್ತು, ಹೊಲಿಗೆ ಹಾಕುವ ಮೊದಲು ಅಳತೆ ನೋಡಲೆಂದು ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿಟ್ಟದ್ದು. ನಾನು ಸಾಕಾಗಿ, “ಆಪಾ, ಇದನ್ನ ಹಿಂಗ ತೊಡಿಸಿದ್ರ ಮೈಗೆ ಬರೋಬರಿ ಕುಂದರತೈತೋ ಇಲ್ಲೋ?” ಎಂದೆ.

“ಕುಂದರತೈತಿ.”

“ಹೊಲಿಗಿ ಹಾಕೀಯೇನು?”

“ಎಲ್ಲೀದು. ಟಾಚಣಿ ಹಿಡದಾವ.”

“ನಮ್ದೂ ಅದ ಆಗೇತಿ. ಹೊಲಿಗಿ ಹಿಡದೈತಿ ಅಂತ ನಾವು ತಿಳಕೊಂಡಿದ್ವಿ. ಸತುವಿನ ಟಾಚಣಿ ಹಿಡದಿತ್ತು. ನನ್ನ ಕೈಯಾರೆ ತಗದು ನೋಡಿದ್ನಿ, ಎಲ್ಲಾ ಬಿಚ್ಚಿ ಬಿತ್ತು. ಅವ್ರು ಹೊಟ್ಟಿಕಿಚ್ಚಿಗೆ ಅಂದಿಲ್ಲ ಆಪಾ. ನಾ ಕಣ್ಣಾರೆ ಕಂಡೀನಿ.”

ಮಶೀನು ನಿಂತಿತು. ಅವಳು ಜಂಪರನ್ನು ಎತ್ತಿ ನೋಡಿದಳು, ಕೆಳಗಿಟ್ಟಳು. “ಹಂಗಾರ ಊರ ಮುಂದ ಅಷ್ಟ ದೊಡ್ಡದು ಯಾಕ ಬರಸ್ಯಾರ?” ಎಂದಳು. “ನಾ ದಿನಾ ಅದರ ಕೆಳಗ ಹಾದ ಹೋಗ್ತಿದ್ದೆ. ಇನ್ನ ಸ್ವಲ್ಪ ದಿನಾ ತಡಕೋ ರಜಿಯಾ, ಗಿರಿಜಾ ತರ್ತಾಳ ಅಂತ ನನಗ ನಾ ಹೇಳ್ಕೊಂತಿದ್ದೆ.”

ಪೇಢೆಯ ಡಬ್ಬಿ ತೆರೆದು ಮುಂದೆ ಹಿಡಿದೆ, ಅವಳು ತೆಗೆದುಕೊಳ್ಳಲಿಲ್ಲ. “ಹುಬ್ಬಳ್ಳಿಗೆ ಫೋನ್ ಹಚ್ಚು,” ಎಂದಳು.

ದವಾಖಾನೆಯವರು ಮರುದಿನವೇ ಬರಲು ಹೇಳಿದರು. ಬೆಳಿಗ್ಗೆ ಇಬ್ಬರೂ ನಿಲ್ದಾಣಕ್ಕೆ ಬಂದೆವು. ಗಜೇಂದ್ರಗಡದಲ್ಲಿರುವ ಅವಳ ಮಗಳು ನೇರ ಹುಬ್ಬಳ್ಳಿಗೇ ಬರುವವಳಿದ್ದಳು. ಗದಗಿನ ಬಸ್ಸು ನಿಂತಿತ್ತು, ಅಲ್ಲಿಂದ ಮುಂದೆ ಬೇರೆ ಬಸ್ಸು. ನಾನು ಚೀಲ ಒಳಗಿಟ್ಟು ತಿರುಗಿ ನೋಡಿದರೆ ಆಪಾ ಇಲ್ಲ. ಅವಳು ರಸ್ತೆ ದಾಟಿ ಕಂಬದ ಹತ್ತಿರ ಹೋಗಿದ್ದಳು. ಅಲ್ಲಿದ್ದ ಚಹಾದಂಗಡಿಯ ಕಟ್ಟೆ ಹತ್ತಿ, ಕೈಚೀಲದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ಬ್ಯಾನರಿನ ಹಗ್ಗಕ್ಕೆ ಹಾಕಿದಳು. ಒಂದು ಕಡೆಯದು ಬಿತ್ತು. ರಸ್ತೆ ದಾಟಿ ಬಂದು ಇನ್ನೊಂದು ಕಂಬದ ಕಟ್ಟೆ ಹತ್ತಿದಳು.

“ಬಾಯಾರ, ಕಾಲೇಜಿನವ್ರ ಬ್ಯಾನರ್ ಐತ್ರಿ ಅದು,” ಎಂದ ಚಹಾದಂಗಡಿಯವನು.

“ಗೊತ್ತೈತಿ. ಅವ್ರು ಕೇಳಿದ್ರ ರಜಿಯಾ ಟೇಲರ್ ಒಯ್ದಳಂತ ಹೇಳು.”

ಎರಡನೆಯ ಹಗ್ಗವೂ ತುಂಡಾಯಿತು. ನಾನು ಅಕ್ಕಿಕಾಳಿನ ಸಮೇತ ನೆಲಕ್ಕೆ ಬಿದ್ದೆ. ಆಪಾ ನನ್ನನ್ನು ಮುಖ ಒಳಗಾಗುವ ಹಾಗೆ ಎರಡು ಮಡಿಕೆ, ಮತ್ತೆ ಎರಡು ಮಡಿಕೆ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದಳು.

“ಅದನ್ನ ದವಾಖಾನಿಗೆ ಯಾಕ ತರ್ತಿ ಆಪಾ?” ಎಂದೆ.

“ವಾರ್ಡಿನ್ಯಾಗ ಸಂಗಡ ಬಂದವ್ರು ಮಲಗೂದು ನೆಲದ ಮ್ಯಾಲೆ. ಹಾಸಾಕ ಬೇಕಲ್ಲ. ಸರಿ ಅತ್ತಾಗ,” ಎಂದು ಕಿಟಕಿಯ ಹತ್ತಿರ ಕುಳಿತು, ನನ್ನ ತೊಡೆಯ ಮೇಲಿದ್ದ ಡಬ್ಬಿಯಿಂದ ಒಂದು ಪೇಢೆ ತೆಗೆದುಕೊಂಡಳು.